ರುಡ್‌ಸೆಟ್ ತರಬೇತಿ ಮಾದರಿ

ರುಡ್‌ಸೆಟ್ ತರಬೇತಿ ಮಾದರಿಯು ಗ್ರಾಮೀಣ ಪ್ರದೇಶದ ನಿರುದ್ಯೋಗಿ ಯುವಜನರನ್ನು ಸ್ವ-ಉದ್ಯೋಗಕ್ಕೆ ಅಣಿಗೊಳಿಸುವ ಅಲ್ಪಾವಧಿಯ ವಸತಿ ತರಬೇತಿ ಪದ್ಧತಿಯಾಗಿದೆ. ಕಸುಬಿನ ಕೌಶಲದ ಜೊತೆಗೆ ಆತ್ಮವಿಶ್ವಾಸ, ಸೃಜನಶೀಲ ಚಿಂತನೆ ಮತ್ತು ನಾಯಕತ್ವದ ಗುಣಗಳನ್ನೂ ಬೆಳೆಸುವುದು ಇದರ ವಿಶೇಷತೆ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ 1982ರಲ್ಲಿ ಸ್ಥಾಪನೆಯಾದ ಗ್ರಾಮೀಣಾಭಿವೃದ್ಧಿ ಮತ್ತು ಸ್ವ-ಉದ್ಯೋಗ ತರಬೇತಿ ಸಂಸ್ಥೆಯು (ರುಡ್‌ಸೆಟ್ ಸಂಸ್ಥೆ) ಇದನ್ನು ರೂಪಿಸಿತು. ಮುಂದೆ ಭಾರತ ಸರ್ಕಾರವು ಇದೇ ಮಾದರಿಯನ್ನು ದೇಶದ ಇತರ ಜಿಲ್ಲೆಗಳಿಗೆ ವಿಸ್ತರಿಸಿತು.

ಹಿನ್ನೆಲೆ

ಕರಾವಳಿಯ ಹಳ್ಳಿಗಳಿಂದ ಯುವಕರು ಹೋಟೆಲ್ ಮತ್ತಿತರ ಕೆಲಸಗಳನ್ನು ಅರಸಿ ಮುಂಬಯಿಗೆ ತೆರಳುವುದು ಇಪ್ಪತ್ತನೆಯ ಶತಮಾನದಲ್ಲಿ ಸಾಮಾನ್ಯವಾಗಿತ್ತು. ಊರಿನಲ್ಲೇ ಉಳಿದವರಿಗೆ ಕೃಷಿಯ ಹೊರತಾಗಿ ದುಡಿಮೆಯ ಅವಕಾಶಗಳು ಕಡಿಮೆಯಿದ್ದವು. ಕೇಂದ್ರ ಸರ್ಕಾರವು ಗ್ರಾಮೀಣ ಬಡ ಕುಟುಂಬಗಳಿಗೆ ಸಹಾಯಧನ ಮತ್ತು ಬ್ಯಾಂಕ್ ಸಾಲ ನೀಡುವ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮವನ್ನು 1978ರಲ್ಲಿಯೂ, ಗ್ರಾಮೀಣ ಯುವಜನರ ಕಸುಬು ತರಬೇತಿಗಾಗಿ ಟ್ರೈಸೆಮ್ ಯೋಜನೆಯನ್ನು 1979ರಲ್ಲಿಯೂ ಆರಂಭಿಸಿತು. ಆದರೆ ಸಾಲ ದೊರೆತರೂ, ಕಸುಬು ತಿಳಿದಿದ್ದರೂ, ಉದ್ಯಮವೊಂದನ್ನು ಕಟ್ಟಿ ನಡೆಸುವ ಧೈರ್ಯ ಮತ್ತು ವ್ಯವಹಾರಜ್ಞಾನ ತಾವಾಗಿಯೇ ಬರುವುದಿಲ್ಲ. ರುಡ್‌ಸೆಟ್ ಮಾದರಿಯು ಈ ಕೊರತೆಯನ್ನು ತುಂಬುವ ಉದ್ದೇಶದಿಂದ ರೂಪುಗೊಂಡಿತು.

ಸ್ಥಾಪನೆ

ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಎಜುಕೇಷನಲ್ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜಂಟಿಯಾಗಿ ಈ ಸಂಸ್ಥೆಯನ್ನು ಸ್ಥಾಪಿಸಿದವು. ಎರಡೂ ಬ್ಯಾಂಕುಗಳು ಕರಾವಳಿಯಲ್ಲೇ ಹುಟ್ಟಿದವು: ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಬ್ಯಾಂಕುಗಳು ಆರಂಭದಿಂದಲೇ ಪಾಲುದಾರರಾಗಿದ್ದುದರಿಂದ, ತರಬೇತಿ ಕೊಡುವವರು ಮತ್ತು ಸಾಲ ಕೊಡುವವರ ನಡುವೆ ನೇರ ಸಂಪರ್ಕ ಸಾಧ್ಯವಾಯಿತು.

ತರಬೇತಿಯ ಸ್ವರೂಪ

ತರಬೇತಿಯು ಉಚಿತವಾಗಿದ್ದು, ಊಟ ಮತ್ತು ವಸತಿಯನ್ನು ಸಂಸ್ಥೆಯೇ ಒದಗಿಸುತ್ತದೆ. ವಿಷಯಕ್ಕೆ ಅನುಗುಣವಾಗಿ ಅವಧಿಯು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಇರುತ್ತದೆ. ಕೇರಳದ ಗಡಿಗೆ ಹತ್ತಿರವಿರುವ ಬಂಟ್ವಾಳ ತಾಲೂಕಿನ ಕನ್ಯಾನದಂತಹ ಗ್ರಾಮಗಳಿಂದ ಉಜಿರೆಗೆ ಪ್ರತಿದಿನ ಬಂದುಹೋಗುವುದು ಕಷ್ಟವಾದ್ದರಿಂದ ವಸತಿ ವ್ಯವಸ್ಥೆಯು ದೂರದ ಊರುಗಳ ಬಡ ಕುಟುಂಬದವರಿಗೆ ಅನುಕೂಲಕರವಾಗಿದೆ.

ಇಂತಹ ಸಂಸ್ಥೆಗಳ ತರಬೇತಿಗಳನ್ನು ಮುಖ್ಯವಾಗಿ ನಾಲ್ಕು ಬಗೆಗಳಾಗಿ ವಿಂಗಡಿಸಲಾಗುತ್ತದೆ:

• ಕೃಷಿ ಆಧಾರಿತ: ಹೈನುಗಾರಿಕೆ, ಜೇನು ಸಾಕಣೆ, ಅಣಬೆ ಬೇಸಾಯ ಇತ್ಯಾದಿ
• ಉತ್ಪಾದನೆ ಆಧಾರಿತ: ಸಿದ್ಧ ಉಡುಪು, ಅಗರಬತ್ತಿ ತಯಾರಿಕೆ ಇತ್ಯಾದಿ
• ಸೇವೆ ಆಧಾರಿತ: ದ್ವಿಚಕ್ರ ವಾಹನ ದುರಸ್ತಿ, ಮೊಬೈಲ್ ದುರಸ್ತಿ, ಮೋಟಾರ್ ರಿವೈಂಡಿಂಗ್, ಬ್ಯೂಟಿ ಪಾರ್ಲರ್ ಇತ್ಯಾದಿ
• ಸಾಮಾನ್ಯ ಉದ್ಯಮಶೀಲತಾ ಅಭಿವೃದ್ಧಿ ಕಾರ್ಯಕ್ರಮಗಳು

ಕಸುಬು ಯಾವುದೇ ಆಗಿರಲಿ, ವ್ಯಕ್ತಿತ್ವ ವಿಕಸನ ಮತ್ತು ವ್ಯವಹಾರ ನಿರ್ವಹಣೆಯ ಪಾಠಗಳು ಅದರೊಂದಿಗೆ ಸೇರಿರುತ್ತವೆ. ಬೆಳಗಿನ ಅವಧಿಯಲ್ಲಿ ಶಿಬಿರಾರ್ಥಿಗಳು ಹಿಂದಿನ ದಿನ ಕಲಿತ ಅತಿ ಮುಖ್ಯ ಪಾಠವನ್ನು ಎಲ್ಲರೆದುರು ನಿಂತು ಹೇಳುವ ಪದ್ಧತಿಯಿದೆ. ಇದನ್ನು ‘ಮಿಲ್ಲಿ’ ಎಂದು ಕರೆಯುತ್ತಾರೆ. ಸಭೆಯಲ್ಲಿ ಎಂದೂ ಮಾತನಾಡದವರಿಗೆ ಇದು ಸಭಾಕಂಪನವನ್ನು ನೀಗಿಕೊಳ್ಳುವ ದಾರಿಯಾಗುತ್ತದೆ. ಗ್ರಾಹಕರೊಡನೆ ಮಾತನಾಡಲು, ಬ್ಯಾಂಕ್ ಅಧಿಕಾರಿಯ ಪ್ರಶ್ನೆಗಳಿಗೆ ಉತ್ತರಿಸಲು ಇದೇ ಅಭ್ಯಾಸ ನೆರವಾಗುತ್ತದೆ.

ಸಾಧನಾ ಪ್ರೇರಣೆ

ಉದ್ಯಮಶೀಲತಾ ತರಬೇತಿಯ ಮನೋವೈಜ್ಞಾನಿಕ ತಳಹದಿಯು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಅವರ ಸಾಧನಾ ಪ್ರೇರಣೆಯ ಸಿದ್ಧಾಂತವಾಗಿದೆ. ಉತ್ತಮವಾದುದನ್ನು ಸಾಧಿಸಬೇಕೆಂಬ ಹಂಬಲವು ಕೇವಲ ಹುಟ್ಟುಗುಣವಲ್ಲ, ಅದನ್ನು ತರಬೇತಿಯಿಂದ ಹೆಚ್ಚಿಸಬಹುದು ಎಂಬುದು ಅವರ ವಾದ. 1964ರಲ್ಲಿ ಆಂಧ್ರಪ್ರದೇಶದ ಕಾಕಿನಾಡದ ಉದ್ಯಮಿಗಳಿಗೆ ಹೈದರಾಬಾದಿನ ಸಣ್ಣ ಕೈಗಾರಿಕೆ ವಿಸ್ತರಣಾ ತರಬೇತಿ ಸಂಸ್ಥೆಯಲ್ಲಿ ಈ ಪ್ರಯೋಗ ನಡೆಯಿತು. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಚಟುವಟಿಕೆಯಿಂದ ವ್ಯವಹಾರವನ್ನು ವಿಸ್ತರಿಸಿದರೆಂದು ಮೆಕ್‌ಕ್ಲೆಲೆಂಡ್ ಮತ್ತು ಡೇವಿಡ್ ವಿಂಟರ್ 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರೂಪಿಸಿದರು.

ಈ ಸಿದ್ಧಾಂತವನ್ನು ಉಪನ್ಯಾಸಕ್ಕಿಂತ ಹೆಚ್ಚಾಗಿ ಆಟಗಳ ಮೂಲಕ ಕಲಿಸಲಾಗುತ್ತದೆ. ಬಳೆ ಎಸೆಯುವ ಆಟದಲ್ಲಿ ನೆಟ್ಟ ಗೂಟಕ್ಕೆ ಎಷ್ಟು ದೂರದಿಂದ ಎಸೆಯಬೇಕೆಂಬುದನ್ನು ಆಟಗಾರನೇ ನಿರ್ಧರಿಸುತ್ತಾನೆ. ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ತೀರಾ ಹತ್ತಿರ ನಿಲ್ಲುವವನು ಸವಾಲನ್ನು ತಪ್ಪಿಸಿಕೊಳ್ಳುತ್ತಾನೆ; ತೀರಾ ದೂರ ನಿಲ್ಲುವವನು ಎಲ್ಲವನ್ನೂ ಅದೃಷ್ಟಕ್ಕೆ ಬಿಡುತ್ತಾನೆ. ಸಾಧನಾ ಪ್ರೇರಣೆ ಹೆಚ್ಚಿರುವವರು ಮಧ್ಯಮ ದೂರವನ್ನು ಆಯ್ದು, ಪ್ರತಿ ಎಸೆತದ ಫಲಿತಾಂಶವನ್ನು ನೋಡಿ ಮುಂದಿನದನ್ನು ತಿದ್ದಿಕೊಳ್ಳುತ್ತಾರೆ. ಸಾಲದ ಮೊತ್ತ ನಿರ್ಧರಿಸುವಾಗಲೂ ಇದೇ ವಿವೇಚನೆ ಬೇಕೆಂಬುದು ಆಟದ ತಾತ್ಪರ್ಯ. ನಿಗದಿತ ಸಮಯದಲ್ಲಿ ಕಾಗದದ ದೋಣಿಗಳನ್ನು ಮಾಡುವ ಆಟದಲ್ಲಿ ಗುರಿ, ಕಚ್ಚಾವಸ್ತುವಿನ ಖರೀದಿ ಮತ್ತು ಗುಣಮಟ್ಟದ ಲೆಕ್ಕ ಬರುತ್ತದೆ. ಅಂದವಿಲ್ಲದ ದೋಣಿ ತಿರಸ್ಕೃತವಾದಾಗ ಅದರ ನಷ್ಟವನ್ನು ಶಿಬಿರಾರ್ಥಿಯೇ ಭರಿಸಬೇಕಾಗುತ್ತದೆ.

ನಾಯಕತ್ವ

ಗೋಪುರ ಕಟ್ಟುವ ಆಟವು ನಾಯಕತ್ವದ ಪಾಠಕ್ಕೆ ಬಳಕೆಯಾಗುತ್ತದೆ. ಇದರಲ್ಲಿ ಮೂವರು ಮೇಲ್ವಿಚಾರಕ, ಸಹಾಯಕ ಮತ್ತು ಕೆಲಸಗಾರನ ಪಾತ್ರ ವಹಿಸುತ್ತಾರೆ. ಕೆಲಸಗಾರನ ಕಣ್ಣಿಗೆ ಬಟ್ಟೆ ಕಟ್ಟಲಾಗಿರುತ್ತದೆ. ಅವನು ಎಡಗೈಯಿಂದ ಮರದ ತುಂಡುಗಳನ್ನು ಒಂದರ ಮೇಲೊಂದು ಇಡಬೇಕು. ಎಷ್ಟು ತುಂಡುಗಳ ಗೋಪುರವೆಂಬುದನ್ನು ಮೂವರೂ ಮೊದಲೇ ಹೇಳಬೇಕು. ನಂತರ ನಡೆಯುವ ಚರ್ಚೆಯಲ್ಲಿ ಗೋಪುರದ ಎತ್ತರಕ್ಕಿಂತ ಅದನ್ನು ಕಟ್ಟಿದ ಬಗೆಗೆ ಹೆಚ್ಚು ಮಹತ್ವವಿರುತ್ತದೆ: ಗುರಿಯನ್ನು ಹೇರಲಾಯಿತೇ ಅಥವಾ ಒಪ್ಪಿಸಲಾಯಿತೇ, ಸೂಚನೆ ಸ್ಪಷ್ಟವಾಗಿತ್ತೇ, ಗೋಪುರ ಕುಸಿದಾಗ ಗದರಿಸಲಾಯಿತೇ ಅಥವಾ ಧೈರ್ಯ ತುಂಬಲಾಯಿತೇ ಎಂಬ ಪ್ರಶ್ನೆಗಳು ಏಳುತ್ತವೆ. ಮುಂದೆ ಒಬ್ಬಿಬ್ಬರು ಸಹಾಯಕರನ್ನು ಇಟ್ಟುಕೊಂಡು ಹೊಲಿಗೆ ಅಂಗಡಿ ಅಥವಾ ಗ್ಯಾರೇಜ್ ನಡೆಸುವವರಿಗೆ ಇವು ನಿತ್ಯದ ಪ್ರಶ್ನೆಗಳೇ ಆಗಿವೆ.

ಸೃಜನಶೀಲ ಚಿಂತನೆ

ಸೃಜನಶೀಲತೆ ಎಂದರೆ ಹೊಸ ಆವಿಷ್ಕಾರವೇ ಆಗಬೇಕಿಲ್ಲ. ಕಣ್ಣೆದುರಿನ ವಸ್ತುವಿನಲ್ಲಿ ಹೊಸ ಉಪಯೋಗವನ್ನು ಕಾಣುವುದೂ ಸೃಜನಶೀಲತೆಯೇ. ಕರಾವಳಿಯಲ್ಲಿ ಅಡಿಕೆ ಹಾಳೆ ಇದಕ್ಕೆ ಉತ್ತಮ ನಿದರ್ಶನ. ಹಿಂದೆ ಮುಟ್ಟಾಳೆ, ಬೀಸಣಿಗೆ ಮುಂತಾದ ಮನೆಬಳಕೆಗೆ ಸೀಮಿತವಾಗಿದ್ದ ಹಾಳೆಯನ್ನು ಯಂತ್ರದಲ್ಲಿ ಬಿಸಿಯಾಗಿ ಒತ್ತಿ ತಟ್ಟೆ ಮಾಡತೊಡಗಿದ ಮೇಲೆ ಅದೊಂದು ಗ್ರಾಮೋದ್ಯಮವಾಯಿತು. ತರಬೇತಿಯ ಅಂಗವಾದ ಮಾರುಕಟ್ಟೆ ಸಮೀಕ್ಷೆಯಲ್ಲಿ ಶಿಬಿರಾರ್ಥಿಗಳು ಅಂಗಡಿ, ಗ್ರಾಹಕರನ್ನು ಕಂಡು ಬೇಡಿಕೆ, ದರ ಮತ್ತು ಪೈಪೋಟಿಯನ್ನು ವಿಚಾರಿಸಿ, ತಮ್ಮ ಯೋಜನಾ ವರದಿಯನ್ನು ಸಿದ್ಧಪಡಿಸುತ್ತಾರೆ.

ಅನುಸರಣೆ

ತರಬೇತಿ ಮುಗಿದ ನಂತರ ಸುಮಾರು ಎರಡು ವರ್ಷಗಳ ಕಾಲ ಸಂಸ್ಥೆಯು ಶಿಬಿರಾರ್ಥಿಗಳೊಡನೆ ಸಂಪರ್ಕ ಉಳಿಸಿಕೊಳ್ಳುತ್ತದೆ. ಭೇಟಿ, ಪತ್ರ, ದೂರವಾಣಿ ಮತ್ತು ಸಭೆಗಳ ಮೂಲಕ ಸಾಲದ ಅರ್ಜಿ, ಘಟಕದ ಆರಂಭ ಮತ್ತು ತೊಡಕುಗಳ ಬಗ್ಗೆ ಮಾರ್ಗದರ್ಶನ ನೀಡಲಾಗುತ್ತದೆ. ಶಿಬಿರದ ಉತ್ಸಾಹವು ಮನೆಗೆ ಮರಳಿದ ಮೇಲೆ ಇಳಿದುಹೋಗುವ ಸಾಧ್ಯತೆಯಿರುವುದರಿಂದ, ಅನುಸರಣೆಯು ತರಬೇತಿಯಷ್ಟೇ ಮುಖ್ಯವೆಂದು ಪರಿಗಣಿತವಾಗಿದೆ.

ರಾಷ್ಟ್ರೀಯ ವಿಸ್ತರಣೆ

ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಲ್ಲಿ ಈ ಮಾದರಿಯನ್ನು ಅನುಸರಿಸಿ ಪ್ರತಿ ಜಿಲ್ಲೆಯಲ್ಲಿ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ (ಆರ್‌ಸೆಟಿ) ಸ್ಥಾಪಿಸುವ ಮಾರ್ಗಸೂಚಿಯನ್ನು ಹೊರಡಿಸಿತು. ಇದರಂತೆ ಬ್ಯಾಂಕುಗಳು ಸಂಸ್ಥೆಯನ್ನು ನಡೆಸುತ್ತವೆ, ರಾಜ್ಯ ಸರ್ಕಾರಗಳು ಜಮೀನು ನೀಡುತ್ತವೆ, ಕಟ್ಟಡಕ್ಕೆ ಕೇಂದ್ರದ ಅನುದಾನ ದೊರೆಯುತ್ತದೆ. ಇಂದು ದೇಶದಲ್ಲಿ ಇಂತಹ ಐನೂರಕ್ಕೂ ಹೆಚ್ಚು ಸಂಸ್ಥೆಗಳಿವೆ.

ಮಿತಿಗಳು

ಮೆಕ್‌ಕ್ಲೆಲೆಂಡ್ ಅವರ ಸಿದ್ಧಾಂತವು ವ್ಯಕ್ತಿಯ ಮನೋಭಾವಕ್ಕೆ ಅತಿಯಾದ ಒತ್ತು ಕೊಟ್ಟು, ಬಂಡವಾಳ, ಜಾತಿ, ಲಿಂಗ ಮತ್ತು ಮಾರುಕಟ್ಟೆಯಂತಹ ಸಾಮಾಜಿಕ ಕಾರಣಗಳನ್ನು ಕಡೆಗಣಿಸುತ್ತದೆ ಎಂಬ ಟೀಕೆಯಿದೆ. ಪ್ರೇರಣೆಯನ್ನು ಅಳೆಯಲು ಅವರು ಬಳಸಿದ ಚಿತ್ರಕಥನ ಪರೀಕ್ಷೆಯ ವಿಶ್ವಾಸಾರ್ಹತೆಯೂ ಚರ್ಚೆಗೆ ಒಳಗಾಗಿದೆ. ತರಬೇತಿ ಪಡೆದವರಿಗೆ ಸಕಾಲದಲ್ಲಿ ಸಾಲ ದೊರೆಯದಿದ್ದರೆ, ಅಥವಾ ಮದುವೆ, ಮನೆಯ ಹೊಣೆಗಳಿಂದ ಮಹಿಳೆಯರು ಉದ್ಯಮದಿಂದ ದೂರ ಸರಿಯಬೇಕಾದರೆ, ಬೆಳೆದ ಆತ್ಮವಿಶ್ವಾಸವೊಂದೇ ಸಾಲುವುದಿಲ್ಲ. ತರಬೇತಿ, ಸಾಲ ಮತ್ತು ಅನುಸರಣೆ ಈ ಮೂರನ್ನೂ ಒಂದಕ್ಕೊಂದು ಜೋಡಿಸಿರುವುದು ರುಡ್‌ಸೆಟ್ ಮಾದರಿಯನ್ನು ಕೇವಲ ವ್ಯಕ್ತಿತ್ವ ವಿಕಸನ ಶಿಬಿರಗಳಿಂದ ಪ್ರತ್ಯೇಕಿಸುತ್ತದೆ.