ಕಲ್ಪಿತ ಲೋಕದ ಪಾತ್ರಕ್ರೀಡೆಗಳಲ್ಲಿ ಯಂತ್ರಶೋಧಕ

ಆಟದ ನಿಯಮಾವಳಿಯು ಇತಿಹಾಸದ ಅಭ್ಯಾಸಿಗಳ ವಿಚಾರಕ್ಕೆ ಅರ್ಹವಾದ ವಸ್ತುವೇ ಎಂಬ ಸಂದೇಹ ಸಹಜವಾದುದು. ಆದರೆ ಒಂದು ಸಮಾಜವು ಶೋಧಕನನ್ನು ಹೇಗೆ ಭಾವಿಸುತ್ತದೆ ಎಂಬುದು ಅದರ ಶಾಸ್ತ್ರಗ್ರಂಥಗಳಲ್ಲಿ ಮಾತ್ರವಲ್ಲದೆ ಅದರ ವಿನೋದಗಳಲ್ಲಿಯೂ ವ್ಯಕ್ತವಾಗುತ್ತದೆ. ಈ ದೃಷ್ಟಿಯಿಂದ, ಕಲ್ಪಿತ ಲೋಕವನ್ನು ಆಧರಿಸಿದ ಪಾತ್ರಕ್ರೀಡೆಗಳಲ್ಲಿ ವಿಜ್ಞಾನಿ ಅಥವಾ ಯಂತ್ರಶೋಧಕನ ಪಾತ್ರವರ್ಗವನ್ನು ರೂಪಿಸುವಾಗ ಏಳುವ ತೊಡಕುಗಳನ್ನೂ ಅವುಗಳಿಗೆ ಕಂಡುಕೊಂಡ ಪರಿಹಾರಗಳನ್ನೂ ಇಲ್ಲಿ ಪರಿಶೀಲಿಸುತ್ತೇವೆ.

ಈ ಬಗೆಯ ಕ್ರೀಡೆಗೆ ಮೂಲಮಾದರಿಯಾದುದು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ, 1974ರಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಇದರಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರವನ್ನು ಧರಿಸುತ್ತಾನೆ. ಒಬ್ಬ ನಿರ್ವಾಹಕನು ಲೋಕವನ್ನು ವರ್ಣಿಸುತ್ತಾನೆ. ಸಂದಿಗ್ಧ ಪ್ರಸಂಗಗಳನ್ನು ದಾಳಗಳು ತೀರ್ಮಾನಿಸುತ್ತವೆ. ಪಾತ್ರವು ಯಾವ ವಿದ್ಯೆಯಿಂದ ಬಾಳುತ್ತದೆ ಎಂಬುದನ್ನು ನಿಶ್ಚಯಿಸುವುದೇ ಪಾತ್ರವರ್ಗ. ಮೊದಲು ಇದ್ದವು ಮೂರೇ ವರ್ಗಗಳು: ಯೋಧ, ಮಾಂತ್ರಿಕ, ಪುರೋಹಿತ. ಶೋಧಕನಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ.

ಶೋಧಕನನ್ನು ಇವರ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಮುಖ್ಯವಾಗಿ ಎರಡು ಅಡ್ಡಿಗಳಿವೆ. ಮೊದಲನೆಯದು ಕಾಲದ ಅಡ್ಡಿ. ಯೋಧನ ಖಡ್ಗವೂ ಮಾಂತ್ರಿಕನ ಮಂತ್ರವೂ ಕ್ಷಣಮಾತ್ರದಲ್ಲಿ ಫಲ ಕೊಡುತ್ತವೆ. ಶೋಧಕನ ಕೆಲಸಕ್ಕಾದರೋ ತಿಂಗಳುಗಳೇ ಬೇಕು. ಸಂಗಡಿಗರು ಗುಹೆಯಲ್ಲಿ ಶತ್ರುವನ್ನು ಎದುರಿಸುತ್ತಿರುವಾಗ ಇವನು ಕಾರ್ಯಾಗಾರದಲ್ಲಿ ಕುಳಿತಿದ್ದರೆ ಆ ಆಟಗಾರನಿಗೆ ಆಟವೇ ಇಲ್ಲದಂತಾಗುತ್ತದೆ. ಎರಡನೆಯದು ವ್ಯಾಪ್ತಿಯ ಅಡ್ಡಿ. ಮಂತ್ರವು ಮಾಂತ್ರಿಕನೊಡನೆ ಇರುತ್ತದೆ. ಆದರೆ ಒಮ್ಮೆ ಕಂಡುಹಿಡಿದ ಯಂತ್ರವನ್ನು ಯಾರು ಬೇಕಾದರೂ ನೋಡಿ ಮಾಡಬಹುದು. ಒಂದು ಉತ್ತಮ ಬಂದೂಕು ನೂರು ಬಂದೂಕುಗಳಾದ ಮೇಲೆ ಕೋಟೆಗಳೂ ಕವಚಗಳೂ ಅರ್ಥವನ್ನು ಕಳೆದುಕೊಂಡು, ಆಟವು ನಿಂತಿರುವ ಲೋಕವೇ ಕುಸಿಯುತ್ತದೆ.

ಕಾಲದ ಅಡ್ಡಿಯನ್ನು ಈ ಕ್ರೀಡೆಯ ಬೇರೆ ಬೇರೆ ಆವೃತ್ತಿಗಳು ಬೇರೆ ಬೇರೆ ರೀತಿಯಲ್ಲಿ ಎದುರಿಸಿವೆ. 2000ದಲ್ಲಿ ಹೊರಬಂದ ಮೂರನೆಯ ಆವೃತ್ತಿಯ ನಿಯಮದಂತೆ, ಮಾಂತ್ರಿಕ ವಸ್ತುವನ್ನು ತಯಾರಿಸಲು ಸಾಮಾನ್ಯವಾಗಿ ಅದರ ಬೆಲೆಯ ಪ್ರತಿ 1,000 ಚಿನ್ನದ ನಾಣ್ಯಗಳಿಗೆ ಒಂದು ದಿನ ಬೇಕಾಗುತ್ತಿತ್ತು. ಬೆಲೆಯ ಅರ್ಧದಷ್ಟು ಹಣವೂ, 25ರಲ್ಲಿ ಒಂದು ಭಾಗದಷ್ಟು ಅನುಭವದ ಅಂಕಗಳೂ ವ್ಯಯವಾಗುತ್ತಿದ್ದವು. ಅಂದರೆ ಏನನ್ನಾದರೂ ನಿರ್ಮಿಸಿದವನು ತಾನೇ ಹಿಂದೆ ಬೀಳುತ್ತಿದ್ದನು. 2004ರಲ್ಲಿ ಕೀತ್ ಬೇಕರ್ ಅವರ ಕಲ್ಪನೆಯ 'ಎಬೆರಾನ್' ಲೋಕವು ಪ್ರಕಟವಾದಾಗ 'ಆರ್ಟಿಫಿಸರ್' ಎಂಬ ಸ್ವತಂತ್ರ ವರ್ಗವು ಅದರೊಡನೆ ಬಂದಿತು. ಇವನಿಗೆ ಪ್ರತಿಯೊಂದು ಮಟ್ಟದಲ್ಲಿಯೂ ನಿರ್ಮಾಣಕ್ಕೆಂದೇ ಮೀಸಲಾದ ಅಂಕಗಳ ನಿಧಿಯೊಂದು ದೊರೆಯುತ್ತಿತ್ತು. ಬಳಸದೆ ಉಳಿದುದು ಮುಂದಿನ ಮಟ್ಟಕ್ಕೆ ಸಲ್ಲುತ್ತಿರಲಿಲ್ಲ. ಹೀಗೆ ನಿರ್ಮಿಸುವುದು ದಂಡವಾಗದೆ ಕರ್ತವ್ಯವಾಯಿತು.

2019ರ ರೂಪವು ಇನ್ನೂ ಸರಳ. ಆರ್ಟಿಫಿಸರನು ಎರಡನೆಯ ಮಟ್ಟದಲ್ಲಿ ನಾಲ್ಕು ವಿಧಾನಗಳನ್ನು ಬಲ್ಲವನಾಗಿ, ದೀರ್ಘ ವಿಶ್ರಾಂತಿಯ ಕೊನೆಯಲ್ಲಿ ಎರಡು ವಸ್ತುಗಳಿಗೆ ಶಕ್ತಿಯನ್ನು ತುಂಬುತ್ತಾನೆ. ಇಪ್ಪತ್ತನೆಯ ಮಟ್ಟಕ್ಕೆ ಬರುವಾಗ ವಿಧಾನಗಳು ಹನ್ನೆರಡು, ವಸ್ತುಗಳು ಆರು. ತಿಂಗಳುಗಳ ದುಡಿಮೆಯು ಒಂದು ರಾತ್ರಿಗೆ ಇಳಿಯಿತು. ವ್ಯಾಪ್ತಿಯ ಅಡ್ಡಿಗೂ ಈ ನಿಯಮದಲ್ಲಿಯೇ ಉತ್ತರವಿದೆ: ಮಿತಿಯನ್ನು ಮೀರಿ ಹೊಸ ವಸ್ತುವನ್ನು ಸಿದ್ಧಪಡಿಸಿದರೆ ಹಳೆಯದರ ಶಕ್ತಿ ಅಳಿಯುತ್ತದೆ, ನಿರ್ಮಾಪಕನು ಸತ್ತರೆ ಕೆಲವೇ ದಿನಗಳಲ್ಲಿ ಎಲ್ಲವೂ ನಿಷ್ಫಲವಾಗುತ್ತವೆ.

ಆಟದ ಸಮತೋಲಕ್ಕೆ ಇದು ಜಾಣತನದ ಏರ್ಪಾಡೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಶೋಧಕನ ಹೆಸರು ಮಾತ್ರ ಉಳಿದು ಸ್ವರೂಪವು ಮರೆಯಾಗಿದೆ. ಶೋಧಕನು ಸತ್ತ ಮೇಲೆಯೂ ಉಳಿಯುವುದೇ ಶೋಧದ ಲಕ್ಷಣ. ಅವನೊಡನೆ ಅಳಿಯುವುದು ವಿದ್ಯೆಯಲ್ಲ, ಸಿದ್ಧಿ. ಅಂಥವನು ಉಪಕರಣಗಳನ್ನು ಹಿಡಿದ ಮಾಂತ್ರಿಕನೇ ಹೊರತು ಬೇರೆಯಲ್ಲ.

ಹಾಗಾದರೆ ಇತಿಹಾಸದಲ್ಲಿ ಯಂತ್ರವಿದ್ಯೆಯ ವ್ಯಾಪ್ತಿಗೆ ತಡೆಯೇ ಇರಲಿಲ್ಲವೆ? ಇತ್ತು, ಆದರೆ ಆ ತಡೆಯು ಮನುಷ್ಯರದು. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದಿಂದ ಆಳಿದ ಪರಮಾರ ಭೋಜನ ಹೆಸರಿನಲ್ಲಿರುವ 'ಸಮರಾಂಗಣ ಸೂತ್ರಧಾರ'ವು ಒಂದು ಅಧ್ಯಾಯವನ್ನೇ ಯಂತ್ರಗಳಿಗೆ ಮೀಸಲಿಟ್ಟು, ಪಾದರಸದ ಬಲದಿಂದ ಹಾರುವ ಮರದ ಹಕ್ಕಿಯನ್ನೂ ವರ್ಣಿಸುತ್ತದೆ. ಆದರೆ ಜೋಡಣೆಯ ವಿವರಗಳನ್ನು ಅದು ಹೇಳುವುದಿಲ್ಲ; ಹೇಳದಿರುವುದು ಅಜ್ಞಾನದಿಂದಲ್ಲ, ಗೋಪ್ಯಕ್ಕಾಗಿ ಎಂದು ಕಾರಣವನ್ನೂ ಕೊಡುತ್ತದೆ. ಇದಕ್ಕೆ ಪ್ರತಿಯಾಗಿ, ದಿಯಾರ್‌ಬಕಿರ್‌ನ ಅರ್ತುಕಿದ್ ಅರಸರ ಆಶ್ರಯದಲ್ಲಿದ್ದ ಅಲ್ ಜಜರಿಯು 1206ರ ತನ್ನ ಗ್ರಂಥದಲ್ಲಿ ಐವತ್ತು ಯಂತ್ರಗಳನ್ನು ಚಿತ್ರಗಳೊಡನೆ, ಅಳತೆಗಳೊಡನೆ, ಬೇರೊಬ್ಬ ಕುಶಲಿಯು ಮತ್ತೆ ಕಟ್ಟಬಲ್ಲಂತೆ ವಿವರಿಸಿದನು. ಇಬ್ಬರೂ ಸಮಾನ ಆಸಕ್ತಿಯುಳ್ಳವರೇ. ಭೇದವಿರುವುದು ಬರೆಯುವ ಮತ್ತು ಬಚ್ಚಿಡುವ ನಿರ್ಧಾರದಲ್ಲಿ.

ಈ ಭೇದವನ್ನೇ ನಿಯಮವಾಗಿಸಿಕೊಂಡ ಕ್ರೀಡೆಯೂ ಒಂದುಂಟು. ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್-ಹೇಗನ್ ರಚಿಸಿ 1987ರಲ್ಲಿ ಪ್ರಕಟವಾದ 'ಆರ್ಸ್ ಮ್ಯಾಜಿಕಾ'ದ ಲೋಕವು ಮಧ್ಯಯುಗದ ಯೂರೋಪು. ಇದರ ಪಾತ್ರಗಳು ಮಾಂತ್ರಿಕರೆನಿಸಿಕೊಂಡರೂ ನಡತೆಯಲ್ಲಿ ಸಂಶೋಧಕರು. ಅವರ ದುಡಿಮೆಯನ್ನು ಋತುಗಳಲ್ಲಿ ಎಣಿಸಲಾಗುತ್ತದೆ, ವರ್ಷಕ್ಕೆ ನಾಲ್ಕು. ಮಾಂತ್ರಿಕನು ಪ್ರಯೋಗಶಾಲೆಯಲ್ಲಿರುವಾಗ ಅವನ ಆಟಗಾರನು ಅದೇ ಬಳಗದ ಭಟನೋ ಸಹಚರನೋ ಆಗಿ ಆಡಬಹುದಾದುದರಿಂದ ಕಾಲದ ಅಡ್ಡಿಯು ತಾನಾಗಿ ನೀಗುತ್ತದೆ. ಪ್ರಯೋಗದ ಟಿಪ್ಪಣಿಗಳು ಗ್ರಂಥಭಂಡಾರದಲ್ಲಿ ಉಳಿಯುತ್ತವೆ. ಇನ್ನೊಬ್ಬನು ಅವನ್ನೋದಿ ಅದೇ ವಸ್ತುವನ್ನು ಮಾಡಬಹುದು. ಸಾಹಸಪಟ್ಟು ಹೊಸ ಪ್ರಯೋಗಕ್ಕೆ ಕೈಹಾಕಿದವನಿಗೆ ಅನಿರೀಕ್ಷಿತ ಲಾಭವೂ ಉಂಟು, ಅನರ್ಥವೂ ಉಂಟು.

ಸೋಲಿನ ಮಹತ್ವವನ್ನು ಮನಗಂಡ ಇನ್ನೊಂದು ರಚನೆ 'ಪಾತ್‌ಫೈಂಡರ್' ಕ್ರೀಡೆಗೆ 2021ರಲ್ಲಿ ಸೇರಿದ 'ಇನ್ವೆಂಟರ್' ವರ್ಗ. ಈ ಪಾತ್ರವು ಆಯುಧ, ಕವಚ, ಯಂತ್ರಜೀವಿ ಇವುಗಳಲ್ಲೊಂದನ್ನು ತನ್ನ ಶೋಧವಾಗಿ ಆರಿಸಿಕೊಳ್ಳುತ್ತದೆ. ಅದನ್ನು ಮಿತಿಮೀರಿ ದುಡಿಸಿದರೆ ಅದು ಕೈಕೊಡುವ, ಕೆಲವೊಮ್ಮೆ ಒಡೆಯನನ್ನೇ ಸುಡುವ ಸಂಭವವಿದೆ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಹೊಸದಾಗಿ ಇಂಥ ವರ್ಗವನ್ನು ರಚಿಸುವವರಿಗೆ ಮೂರು ಮಾತುಗಳನ್ನು ಸೂಚಿಸಬಹುದೆಂದು ತೋರುತ್ತದೆ. ಶೋಧಕನಿಗೆ ಒಂದು ಟಿಪ್ಪಣಿಗ್ರಂಥವಿರಲಿ. ಅದು ಕಳುವಾಗಲಿ, ನಕಲಾಗಲಿ, ಶಿಷ್ಯನ ಕೈಸೇರಲಿ. ಸೋಲು ಕೇವಲ ನಷ್ಟವಾಗದೆ ಮುಂದಿನ ಯತ್ನಕ್ಕೆ ನೆರವಾಗುವಂತೆ ಅಂಕಗಳನ್ನು ನೀಡಲಿ. ವ್ಯಾಪ್ತಿಯನ್ನು ತಡೆಯುವುದಾದರೆ ಅರಸನ ಆಜ್ಞೆ, ಕಸುಬುದಾರರ ಕಟ್ಟು, ಲೋಹದ ಅಭಾವ ಇವು ತಡೆಯಲಿ. ಎಬೆರಾನ್ ಲೋಕದಲ್ಲಿಯೂ ನಿರ್ಮಾಣವಿದ್ಯೆಯು ಕ್ಯಾನಿತ್ ಎಂಬ ಮನೆತನದ ಹಿಡಿತದಲ್ಲಿರುವುದರಿಂದ, ಇಂಥ ಕಥೆಗೆ ಅಲ್ಲಿ ಎಡೆಯಿದ್ದೇ ಇದೆ.

ಹೀಗೆ ಮಾಡಿದಲ್ಲಿ ಆಟದ ಸಮತೋಲವು ಕೆಡುವುದೆಂದು ಆಕ್ಷೇಪಿಸಬಹುದು. ಕೊಂಚ ಕೆಡುವುದು ನಿಜ. ಆದರೆ ಶೋಧವು ಒಬ್ಬನ ಮೆದುಳಿನಲ್ಲಿ ಹುಟ್ಟಿ ಅಲ್ಲಿಯೇ ಸಾಯುವುದೆಂಬ ಭಾವನೆಯನ್ನು ಆಟದಲ್ಲಿ ಕಲಿತ ತರುಣರು ತರಗತಿಗೂ ಅದನ್ನೇ ತರುತ್ತಾರೆ. ಹೆಸರಿಲ್ಲದ ಕಮ್ಮಾರರೂ ಲಿಪಿಕಾರರೂ ಶಿಷ್ಯರೂ ಕೈಯಿಂದ ಕೈಗೆ ದಾಟಿಸಿದ ವಿದ್ಯೆಯನ್ನು ಅವರಿಗೆ ತೋರಿಸಿಕೊಡುವುದು ನಮ್ಮ ಕೆಲಸ. ಅದಕ್ಕೆ ಆಟವೂ ನೆರವಾದರೆ ಬೇಡವೆನ್ನಲು ಕಾರಣ ಕಾಣೆವು.