ಬೆಳಕನ್ನು ಕುಣಿಸುವ ಕಿರುಗನ್ನಡಿಗಳು

ಬಿಸಿಲಿಗೆ ಕನ್ನಡಿಯ ಚೂರೊಂದನ್ನು ಹಿಡಿದು ಎದುರುಮನೆಯ ಗೋಡೆಯ ಮೇಲೆ ಬೆಳಕನ್ನು ಕುಣಿಸದ ಬಾಲಕರು ವಿರಳ. ಶಿವಾಜಿನಗರದ ಇಕ್ಕಟ್ಟಾದ ಬೀದಿಗಳಲ್ಲಂತೂ ಈ ಆಟಕ್ಕೆ ಗೋಡೆಗಳ ಕೊರತೆಯಿಲ್ಲ! ಕನ್ನಡಿ ತುಸು ವಾಲಿದರೆ ಗೋಡೆ ಕತ್ತಲಾಗುತ್ತದೆ. ಮರಳಿ ತಿರುಗಿಸಿದರೆ ಬೆಳಗುತ್ತದೆ. ನಾವು ಇಂದು ನೋಡುವ ಚಲನಚಿತ್ರಗಳಲ್ಲಿ ಬಹುಪಾಲು ಈ ಆಟದಿಂದಲೇ ಮೂಡುತ್ತವೆಂದರೆ ವಾಚಕರು ನಂಬುವರೇ?

ಹಲಸೂರಿನ ಬಳಿ ಲಿಡೋ ಚಿತ್ರಮಂದಿರವಿದ್ದ ಕಾಲದಲ್ಲಿ ಚಿತ್ರವನ್ನು ಹೊತ್ತು ತರುತ್ತಿದ್ದುದು ಫಿಲ್ಮಿನ ಸುರುಳಿ. ಈಗ ಆ ಸ್ಥಾನವನ್ನು ಹೆಚ್ಚಿನ ಪ್ರೊಜೆಕ್ಟರುಗಳಲ್ಲಿ ಸಿಲಿಕಾನಿನ ಮೂರು ಬಿಲ್ಲೆಗಳು ಪಡೆದಿವೆ: ಕೆಂಪು, ಹಸಿರು, ನೀಲಿ ಬೆಳಕಿಗೆ ಒಂದೊಂದು. ಇವುಗಳ ಹೆಸರು ಡಿಜಿಟಲ್ ಮೈಕ್ರೋಮಿರರ್ ಡಿವೈಸ್. ಸಾಮಾನ್ಯ ಬಿಲ್ಲೆಯೊಂದರಲ್ಲಿ ಅಡ್ಡಲಾಗಿ 2048, ಉದ್ದಕ್ಕೆ 1080, ಒಟ್ಟು 22 ಲಕ್ಷಕ್ಕೂ ಮಿಕ್ಕ ಅಲ್ಯೂಮಿನಿಯಂ ಕನ್ನಡಿಗಳಿವೆ. ಒಂದು ಮಿಲಿಮೀಟರಿನಲ್ಲಿ ಎಪ್ಪತ್ತು ಕನ್ನಡಿಗಳು ಸಾಲಾಗಿ ನಿಲ್ಲುತ್ತವೆ!

ಇದನ್ನು ನಿರ್ಮಿಸಿದವರು ಅಮೆರಿಕದ ಡಲ್ಲಾಸ್ ನಗರದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯಲ್ಲಿದ್ದ ಭೌತವಿಜ್ಞಾನಿ ಲ್ಯಾರಿ ಹಾರ್ನ್‌ಬೆಕ್. ದಂಡಿನ ಪ್ರದೇಶಕ್ಕೆ ಈ ಸಂಸ್ಥೆಯ ಹೆಸರು ಹೊಸತಲ್ಲ. 1985ರಲ್ಲಿ ಅದು ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆದಾಗ, ಉಪಗ್ರಹದೊಡನೆ ಮಾತನಾಡುವ ಆಂಟೆನಾ ಎತ್ತಿನ ಗಾಡಿಯಲ್ಲಿ ಬಂದಿತ್ತು. ಇಂದು ಆ ಕಚೇರಿ ಇಂದಿರಾನಗರದಾಚೆಯ ಸಿ. ವಿ. ರಾಮನ್ ನಗರದಲ್ಲಿದೆ.

ಹಾರ್ನ್‌ಬೆಕ್ 1977ರಿಂದ ಬೇರೊಂದು ಹಾದಿಯನ್ನು ಹಿಡಿದಿದ್ದರು. ಕನ್ನಡಿ ಎಷ್ಟು ಬಾಗುವುದೋ ಬೆಳಕು ಅಷ್ಟು ಹೆಚ್ಚಬೇಕೆಂಬುದು ಆಗಿನ ಯೋಜನೆ. ಆದರೆ ಅಷ್ಟೊಂದು ಕನ್ನಡಿಗಳು ಒಂದೇ ಅಳತೆಯಲ್ಲಿ ಬಾಗಬೇಡವೇ? ಚಿತ್ರ ಸಮನಾಗಿ ಮೂಡಲಿಲ್ಲ. ಹತ್ತು ವರ್ಷಗಳ ದುಡಿಮೆಯ ಬಳಿಕ, 1987ರಲ್ಲಿ, ಅವರು ಆ ಹಾದಿಯನ್ನು ತೊರೆದು ಕನ್ನಡಿಗೆ ಎರಡೇ ಭಂಗಿಗಳನ್ನು ಉಳಿಸಿದರು. ಕನ್ನಡಿಯ ಕೆಳಗಿರುವ ಸ್ಮರಣಕೋಶದ ವಿದ್ಯುತ್ತು ಅದನ್ನು ಇತ್ತ ಇಲ್ಲವೇ ಅತ್ತ 12 ಡಿಗ್ರಿಯಷ್ಟು ಸೆಳೆಯುತ್ತದೆ. ಒಂದು ಕಡೆಗೆ ವಾಲಿದರೆ ಬೆಳಕು ಪರದೆಗೆ. ಇನ್ನೊಂದು ಕಡೆಗೆ ವಾಲಿದರೆ ವ್ಯರ್ಥ.

ಹಾಗಾದರೆ ನಸುಬೆಳಕು ಬರುವುದೆಂತು? ಕಾಲದಿಂದ! ಕನ್ನಡಿ ಸೆಕೆಂಡಿಗೆ ಸಾವಿರಾರು ಬಾರಿ ಹೊರಳುತ್ತದೆ. ಅರ್ಧ ಹೊತ್ತು ಪರದೆಯತ್ತ, ಅರ್ಧ ಹೊತ್ತು ಅತ್ತ ವಾಲಿದರೆ ಆ ಚುಕ್ಕೆ ಅರ್ಧ ಬೆಳಗಿದಂತೆ ತೋರುತ್ತದೆ. ತಿರುಗುವ ಫ್ಯಾನಿನ ರೆಕ್ಕೆಗಳನ್ನು ಬಿಡಿಬಿಡಿಯಾಗಿ ಕಾಣಲಾರದ ಕಣ್ಣು ಇದನ್ನೂ ಬಿಡಿಸಿ ನೋಡಲಾರದು. ಬಗೆಬಗೆಯಾಗಿ ಬಾಗಬಲ್ಲ ಕನ್ನಡಿಗಿಂತ ಎರಡೇ ಭಂಗಿ ಬಲ್ಲ ಕನ್ನಡಿ ಮೇಲಾದುದೇ ನಮಗೆ ಈ ಕಥೆಯ ಸ್ವಾರಸ್ಯ.

ತಂತಿಯನ್ನು ಹತ್ತಾರು ಬಾರಿ ಬಗ್ಗಿಸಿದರೆ ಮುರಿಯುವುದಲ್ಲವೇ? ಕನ್ನಡಿಯ ಲೋಹದ ಕೀಲೂ ಹಾಗೆಯೇ ಮುರಿದೀತೆಂಬ ಶಂಕೆ ಸಹಜವೇ. ಆದರೆ ಪರೀಕ್ಷೆಗಳಲ್ಲಿ ಅದು ಲಕ್ಷ ಕೋಟಿಗೂ ಮಿಕ್ಕಿ ಹೊರಳಿ ಅಖಂಡವಾಗಿ ಉಳಿಯಿತು. ದಪ್ಪ ಲೋಹವನ್ನು ಸೀಳುವ ಹರಳುದೋಷಗಳು ಗುಂಪುಗೂಡಲು ಅಷ್ಟು ತೆಳುವಾದ ಕೀಲಿನೊಳಗೆ ಎಡೆಯೇ ಇಲ್ಲ! 2015ರಲ್ಲಿ ಹಾರ್ನ್‌ಬೆಕ್ ಅವರಿಗೆ ಈ ಸಾಧನೆಗಾಗಿ ಆಸ್ಕರ್ ಪ್ರತಿಮೆ ದೊರೆಯಿತು.

ತರಗತಿಯ ಪ್ರೊಜೆಕ್ಟರಿನಲ್ಲಿ ಹಲವೊಮ್ಮೆ ಇಂತಹ ಒಂದೇ ಬಿಲ್ಲೆಯಿದ್ದು, ಅದರೊಡನೆ ಬಣ್ಣದ ಗಾಜಿನ ಚಕ್ರವೊಂದು ತಿರುಗುತ್ತಿರುತ್ತದೆ. ಪರದೆಯಲ್ಲಿ ಕಪ್ಪಿನ ಮೇಲೆ ಬಿಳಿಯ ಅಕ್ಷರಗಳಿರುವಾಗ, ಬೆರಳುಗಳನ್ನು ಅಗಲಿಸಿ ಕಣ್ಣೆದುರು ವೇಗವಾಗಿ ಬೀಸಿರಿ. ಬಿಳುಪು ಒಡೆದು ಕೆಂಪು, ಹಸಿರು, ನೀಲಿಯ ಅಂಚುಗಳು ಮಿಂಚಿದರೆ, ಒಳಗಿರುವುದು ಇದೇ ಕನ್ನಡಿಗಳ ಸೇನೆ.