ಮೊಗಸಾಲೆಯ ಮಾಡು ಕೂಡುವಲ್ಲಿ ಅಟ್ಟಕ್ಕೆ ಗಾಳಿ

ಬೇಸಿಗೆಯ ಮಧ್ಯಾಹ್ನ ಹೆಂಚಿನ ಮನೆಯ ಅಟ್ಟವನ್ನೇರಿದವರಿಗೆ ಅಲ್ಲಿಯ ಧಗೆಯ ಪರಿಚಯವಿದ್ದೇ ಇರುತ್ತದೆ. ಅದೇ ಧಗೆ ರಾತ್ರಿ ಕೆಳಗಿನ ಕೋಣೆಗಿಳಿದು, ಪರೀಕ್ಷೆಗೆ ಓದುವ ಮಕ್ಕಳ ನಿದ್ರೆಯನ್ನು ಕೆಡಿಸುತ್ತದೆ.

ಕಾದ ಗಾಳಿ ಹಗುರವಾಗಿ ಮೇಲೇರುವುದೆಂದು ಪಾಠದಲ್ಲಿ ಕಲಿತಿದ್ದೇವೆ. ಅದು ನೆತ್ತಿಯಿಂದ ಹೊರಹೋಗಬೇಕಾದರೆ ಸೂರಿನ ಬಳಿ ತಂಪುಗಾಳಿ ಒಳಬರಲೇಬೇಕು. 1865ರಲ್ಲಿ ಬಾಸೆಲ್ ಮಿಷನ್ನಿನವರು ಕಾರ್ಖಾನೆ ತೆರೆದಂದಿನಿಂದ ಹೆಸರಾದ ಮಂಗಳೂರು ಹೆಂಚಿನ ಸಂದುಗಳಲ್ಲಿ ಅಲ್ಪಸ್ವಲ್ಪ ಗಾಳಿಯಾಡುವುದುಂಟು. ಅಷ್ಟನ್ನೇ ನಂಬಿದರೆ ಸಾಲದು.

ತೊಡಕಿರುವುದು ಮೊಗಸಾಲೆಯ ಕಡೆ. ಅದರ ಮಾಡಿನ ಮೇಲಂಚು ಮನೆಯ ಸೂರಿನ ಕೆಳಗೆ ಗೋಡೆಯನ್ನು ಕೂಡುತ್ತದೆ. ಮಳೆನೀರು ಇಳಿಯಬಾರದೆಂದು ಗಾರೆಕೆಲಸದವರು ಆ ಕೂಡುಸಂದಿಯನ್ನೂ ಮೇಲಿನ ಸೂರಿನ ಎಡೆಯನ್ನೂ ಒಟ್ಟಿಗೇ ಮುಚ್ಚಿಬಿಡುತ್ತಾರೆ. ನೀರಿನ ದಾರಿ ಬೇರೆ, ಗಾಳಿಯ ದಾರಿ ಬೇರೆ. ಸಂದಿಗೆ ಗಾರೆ ಬೇಕು. ಸೂರಿನಡಿಯ ಎಡೆಗೆ ತಂತಿಬಲೆ ಸಾಕು, ಇಲಿ ಬಾವಲಿಗಳೂ ಬಾರವು. ಎರಡು ಮಾಡುಗಳು ತೀರ ಒತ್ತಾಗಿ ಕೂಡಿದ್ದರೆ, ಮೊಗಸಾಲೆಯ ಮಾಡಿನಡಿಯಿಂದ ಗೋಡೆಯಲ್ಲಿ ಕಿಂಡಿಗಳನ್ನು ಬಿಟ್ಟು ಅಟ್ಟಕ್ಕೆ ಗಾಳಿ ಹಾಯಿಸಬಹುದು. ತೊಲೆ ಕುಳಿತಿರುವ ಕಡೆ ಮಾತ್ರ ಗೋಡೆ ಕೊರೆಯಬಾರದು.

ಇಷ್ಟಾದ ಮೇಲೆ ನೆತ್ತಿಯ ಬಳಿ ಮುಕ್ಕೋನ ಗೋಡೆಗೊಂದು ಜಾಲಂಧ್ರವಿರಲಿ. ನಮ್ಮ ಸಿಂಗಾನಲ್ಲೂರಿಗೆ ಮುಂಗಾರಿನ ತಿಂಗಳುಗಳಲ್ಲಿ ಪಾಲಕ್ಕಾಡು ಕಣಿವೆಯಿಂದ ಪಡುಗಾಳಿ ಬಲವಾಗಿ ಬೀಸುತ್ತದೆ. ಪಶ್ಚಿಮಕ್ಕೆ ಮೊಗಸಾಲೆಯಿರುವ ಮನೆಯವರು ಕಿಂಡಿಯ ಮೇಲೊಂದು ಓರೆಹಲಗೆಯನ್ನು ಹೊಡೆಸಿದರೆ ಎರಚಲು ಒಳಬೀಳದು.